ಹಾಜರಿಗೆ ತೋರಿಸಿದ ಮುಖ

ಜೂನ್ ೪, ಗುರುವಾರ

ತಂಗೀ,

ಇವತ್ತು ನನ್ನ ಗುರುವಾರದ ಉಪವಾಸ. ನಾಲ್ಕೂವರೆಗೆ ಎದ್ದು ನೀರು ತುಂಬಿಸಿ, ನೆಲ ಒರೆಸಿ, ದೇವರ ಮುಂದೆ ದೀಪ ಹಚ್ಚಿ, ನಿನ್ನ ಮಗಳ ಶಾಲೆ ಬಟ್ಟೆಗೆ ಇಸ್ತ್ರಿ ಹಾಕಿದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ನಾನೂರು ಹಾಸುಬಟ್ಟೆ ಇಸ್ತ್ರಿ ಮಾಡೋಳಿಗೆ ಮನೆಯಲ್ಲೂ ಅದೇ ಗತಿಯಾ ಅಂತ ನಗಬೇಡ. ಆ ಹೊತ್ತಲ್ಲಿ ಮನಸ್ಸು ಒಂದು ಕಡೆ ನಿಲ್ಲುತ್ತೆ. ಇವತ್ತು ನಿಲ್ಲಲಿಲ್ಲ. ಕಾಲರ್ ಸುಟ್ಟೆ.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಬರೆಯೋಕೆ ಹೋದರೆ ಕೈ ಮುಂದಕ್ಕೆ ಹೋಗ್ತಿಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಅಂತ ಕೇಳ್ತೀಯ. ಹೋದ ಸಲ ನೀನು ಮನೆಗೆ ಬರದ ವಿಷಯಕ್ಕೆ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಅದಾದ ಮೇಲೆ ನೀನು ನನ್ನ ಫೋನ್ ಎತ್ತಿಲ್ಲ. ಅದು ಹಾಗಿರಲಿ. ನಮ್ಮದು ಎರಡು ಕೋಣೆಯ ಮನೆ, ನಡುವೆ ಇರೋದು ಒಂದು ಪರದೆ. ನಾನು ಏನು ಮಾತಾಡಿದರೂ ಮೆಣಸಿನ ಕಿವಿಗೆ ಬೀಳುತ್ತೆ. ಹುಟ್ಟಿದ ವರ್ಷವೇ ಬಾಯಿ ಜೋರು ಅಂತ ಮಗಳಿಗೆ ಆ ಹೆಸರಿಟ್ಟವಳು ನೀನೇ, ಅವಳ ಕಿವಿಯೂ ಅಷ್ಟೇ ಚುರುಕು. ಇದು ಅವಳಿಗೆ ಕೇಳಿಸಬಾರದ ಮಾತು.

ಮೊದಲು ನನ್ನ ಹಾಜರಿಯ ಕಥೆ ಹೇಳಬೇಕು. ಇಪ್ಪತ್ತೆರಡು ವರ್ಷ ಸೋಪಿನ ನೀರು, ಬಿಸಿ ಬಟ್ಟೆ ಹಿಡಿದು ಹಿಡಿದು ನನ್ನ ಹೆಬ್ಬೆರಳಿನ ಗೆರೆಯೆಲ್ಲ ಅಳಿಸಿಹೋಗಿದೆ. ಬೆರಳು ಒತ್ತೋ ಮೆಷಿನ್ನಿನ ಲೆಕ್ಕದಲ್ಲಿ ನಾನು ಹುಟ್ಟೇ ಇಲ್ಲ. ಅದಕ್ಕೆ ಈ ವರ್ಷದಿಂದ ಕಂಟ್ರಾಕ್ಟರ್ ಮುಖದ ಹಾಜರಿ ಮಾಡಿದಾನೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆಯಿಂದಲೇ ಫೋನಿಗೆ ಮುಖ ತೋರಿಸಬೇಕು. ಕಣ್ಣು ಮಿಟುಕಿಸು, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಮುಖ ಕಳಿಸಿದವರ ಮನೆ ಮುಂದೆ ಮಾತ್ರ ವ್ಯಾನ್ ನಿಲ್ಲುತ್ತೆ. ನನ್ನದು ಗುಂಡಿ ಒತ್ತೋ ಫೋನ್, ಆದ್ದರಿಂದ ನೀನು ಮೆಣಸಿಗೆ ಕಳಿಸಿದ ಫೋನಿನಲ್ಲೇ ನನ್ನ ಹಾಜರಿ. ದಿನಾ ಅವಳು ನಿದ್ದೆಗಣ್ಣಲ್ಲಿ ಫೋನ್ ಎತ್ತಿ ಹಿಡೀತಾಳೆ, ನಾನು ಅಂಗಡಿ ಗೊಂಬೆ ಹಾಗೆ ತಲೆ ಆಡಿಸ್ತೀನಿ.

ಈ ಸೋಮವಾರ ಬಲಕ್ಕೆ ತಿರುಗೋ ಹೊತ್ತಿಗೆ ನನ್ನ ಮುಖದ ಮೇಲೇ ಒಂದು ಮೆಸೇಜ್ ಬಂದು ಕೂತಿತು.

"ನಿನ್ನ ದೊಡ್ಡಮ್ಮ ಕೆಲಸಕ್ಕೆ ಹೋದಳಾ?"

"ಯಾರೇ ಅದು?" ಅಂದೆ.

"ಗೆಳತಿ."

"ನಾನು ಕೆಲಸಕ್ಕೆ ಹೋದರೇನು, ಬಿಟ್ಟರೇನು? ನಿನ್ನ ಗೆಳತಿಗೆ ಯಾಕೆ ಬೇಕು? ಅದೂ ಬೆಳಕು ಹರಿಯೋ ಮೊದಲು?"

"ನಿನಗೆ ಎಲ್ಲದರಲ್ಲೂ ಅನುಮಾನ ದೊಡ್ಡಮ್ಮ. ನೋಡು, ವ್ಯಾನ್ ಬಂತು. ಹೋಗು, ಹೋಗು" ಅಂತ ನನ್ನ ಮನೆಯಿಂದ ನನ್ನನ್ನೇ ಆಚೆ ತಳ್ಳಿದಳು.

ನಗ್ತಾ ತಳ್ಳಿದ್ದರೆ ನಾನೂ ನಗ್ತಿದ್ದೆ. ಅವಳು ನಗ್ತಿರಲಿಲ್ಲ.

ಫೋನಿನಲ್ಲಿ ಮಕ್ಕಳು ಎಲ್ಲೆಲ್ಲೋ ನುಗ್ಗದ ಹಾಗೆ ಮುಖ ನೋಡಿ ವಯಸ್ಸು ಹೇಳೋ ಕೆಲಸ ನಿನ್ನದು ಅಂತ ನೀನೇ ಒಂದು ಸಲ ಹೇಳಿದ್ದೆ. ಹಾಗಿದ್ದರೆ ಇದು ಏನು, ಯಾರು, ಅಂತ ನನಗೆ ಬಿಡಿಸಿ ಬರಿ. ಮನೆಗೆ ಬರೀಬೇಡ. ಕೆಳಗಿನ ಬೀದಿಯ ಟೈಲರಮ್ಮನ ಅಂಗಡಿಯ ವಿಳಾಸಕ್ಕೆ ಹಾಕು. ಈ ಕಾಗದವನ್ನೂ ಅಲ್ಲೇ ಕೂತು ಬರೀತಿದೀನಿ. ಅವಳ ಬಾಯಿ ಭದ್ರ. ಗುಂಡುಸೂಜಿ ಕಚ್ಚಿಕೊಂಡು ಕಚ್ಚಿಕೊಂಡು ಅಭ್ಯಾಸ ಆಗಿದೆ.

ನಿನ್ನ ಅಕ್ಕ


ಜೂನ್ ೧೩, ಶನಿವಾರ

ಅಕ್ಕಾ,

ನಿನ್ನ ಕಾಗದ ಬಂತು. ಗಾಬರಿ ಬೇಡ. ಮೊದಲು ಆ ಆ್ಯಪಿನ ಗುರುತು ಯಾವುದು ನೋಡು. ಕಿತ್ತಳೆ ಬಣ್ಣದ ಅರ್ಧ ಚಂದ್ರ ಇದ್ದರೆ ಅದು ನಾವು ಕಾಯೋ ಆ್ಯಪ್. ಅದರಲ್ಲಿ ಹದಿನೆಂಟು ತುಂಬದವರು ಒಳಗೆ ಬರೋಕೇ ಆಗಲ್ಲ. ಯಾರ ಮೇಲಾದರೂ ಅನುಮಾನ ಬಂದರೆ ಕಂಪನಿ ಮುಖ ಕೇಳುತ್ತೆ. ಮೆಷಿನ್ ಮೊದಲು ನೋಡುತ್ತೆ, ಅದಕ್ಕೆ ಗೊತ್ತಾಗದೇ ಹೋದರೆ ನಮ್ಮಂಥವರ ಮುಂದೆ ಬರುತ್ತೆ. ನಮ್ಮ ಮಹಡಿಯಲ್ಲಿ ಎಪ್ಪತ್ತು ಜನ ಇದೀವಿ, ಬೆಳಗಿಂದ ಸಂಜೆವರೆಗೆ ಮುಖ ನೋಡ್ತೀವಿ. ಫೋನ್, ಪೆನ್ನು, ಕಾಗದ ಎಲ್ಲ ಹೊರಗಿನ ಪೆಟ್ಟಿಗೆಯಲ್ಲಿ ಹಾಕಿ ಒಳಗೆ ಹೋಗಬೇಕು. ಅಷ್ಟು ಬಿಗಿ. ಹನ್ನೆರಡರ ಹುಡುಗಿ ನುಸುಳೋಕೆ ಸಾಧ್ಯ ಇಲ್ಲ.

ಬೇರೆ ಯಾವುದೋ ಆ್ಯಪ್ ಇರಬೇಕು, ಅಥವಾ ನಿಜವಾಗಲೂ ಶಾಲೆ ಗೆಳತಿ ಇರಬೇಕು. ಅವಳ ಕೈಯಿಂದ ಫೋನ್ ಕಿತ್ಕೋಬೇಡ. ಕಿತ್ಕೊಂಡರೆ ಇನ್ನೊಬ್ಬರ ಫೋನ್ ಹುಡುಕ್ತಾಳೆ. ಮೆತ್ತಗೆ ಕೇಳು. ನಿನಗೆ ಮೆತ್ತಗೆ ಕೇಳೋಕೆ ಬರಲ್ಲ ಅಂತ ಗೊತ್ತು, ಆದರೂ ಕೇಳು.

ಅವಳು ನನ್ನ ವಿಷಯ ಏನಾದರೂ ಕೇಳ್ತಾಳಾ?

ನಿನ್ನ ಆರೋಗ್ಯ ನೋಡ್ಕೋ. ಆ ಹಸಿರು ತಲೆಬಟ್ಟೆಯಲ್ಲಿ ನೀನು ತುಂಬ ಇಳಿದುಹೋದ ಹಾಗೆ ಕಾಣ್ತೀಯ. ಉಪವಾಸ ಸ್ವಲ್ಪ ಕಡಿಮೆ ಮಾಡು.

ನಿನ್ನ ತಂಗಿ


ಜೂನ್ ೨೫, ಗುರುವಾರ

ತಂಗೀ,

ಕಿತ್ತಳೆ ಬಣ್ಣದ ಅರ್ಧ ಚಂದ್ರವೇ.

ಮೆತ್ತಗೇ ಕೇಳಿದೆ. ಅವಳ ತಲೆಗೆ ಎಣ್ಣೆ ಹಚ್ಚಿ ಬಾಚ್ತಾ ಕೇಳಿದೆ, ತಲೆ ನನ್ನ ಕೈಯಲ್ಲಿದ್ದರೆ ಎದ್ದು ಹೋಗಲ್ಲ ಅಂತ.

"ಅಲ್ವೇ, ಇದಕ್ಕೆ ಹದಿನೆಂಟು ತುಂಬಿರಬೇಕಂತೆ. ನಿನ್ನನ್ನ ಹೇಗೆ ಬಿಟ್ಟರು?"

"ನನಗೆ ಐವತ್ತು ದೊಡ್ಡಮ್ಮ" ಅಂದಳು.

ಮೊದಲು ನಕ್ಕವಳು ನಾನೇ. ಐವತ್ತು ನನ್ನ ವಯಸ್ಸು ಅಂತ ಆಮೇಲೆ ಹೊಳೀತು. ಏಪ್ರಿಲ್‌ನಲ್ಲಿ ಒಂದು ದಿನ ಹಾಜರಿ ಆದ ಮೇಲೆ "ಇನ್ನೊಂದು ಸಲ ತೋರಿಸು" ಅಂದಿದ್ದಳು. ಯಾಕೇ ಅಂದರೆ "ಸರ್ವರ್ ಬಿದ್ದುಹೋಯ್ತು" ಅಂದಳು. ಸರ್ವರ್ ಬೀಳೋದು ನಮ್ಮ ಲಾಂಡ್ರಿಯಲ್ಲಿ ಹೊಸದಲ್ಲ, ವಾರಕ್ಕೆರಡು ಸಲ ಬೀಳುತ್ತೆ. ವ್ಯಾನ್ ಹಾರ್ನ್ ಹೊಡೀತಿತ್ತು. ಇನ್ನೊಂದು ಸಲ ಕಣ್ಣು ಮಿಟುಕಿಸಿದೆ, ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. ಅದು ಹಾಜರಿ ಅಲ್ಲ. ಆ ಚಂದ್ರದ ಬಾಗಿಲು. ಮಗುವನ್ನ ನನ್ನ ಮುಖದಿಂದಲೇ ಒಳಗೆ ತಳ್ಳಿ, ನೆಮ್ಮದಿಯಾಗಿ ವ್ಯಾನ್ ಹತ್ತಿ ಹೋಗಿದೀನಿ.

ಆ ಗೆಳತಿಯ ಹೆಸರು ಗಾಳಿಪಟವಂತೆ. ಹದಿಮೂರು ವರ್ಷವಂತೆ. ಅವಳಮ್ಮನೂ ದೂರದಲ್ಲಿ ಕೆಲಸದಲ್ಲಿದಾಳಂತೆ. "ಒಂದು ಸಲ ಮಾತಾಡಿಸು, ದನಿ ಕೇಳೋಣ" ಅಂದೆ. "ಅವಳ ಮೈಕ್ ಹಾಳಾಗಿದೆ." "ಫೋಟೋ ತೋರಿಸು." "ಅವಳಿಗೆ ಫೋಟೋ ಇಷ್ಟ ಇಲ್ಲ." "ಹಾಗಾದರೆ ಹದಿಮೂರು ಅಂತ ಹೇಗೆ ಗೊತ್ತು ನಿನಗೆ?" ಅಂದಿದ್ದಕ್ಕೆ, "ನನಗೆ ಐವತ್ತು ಅಂತ ಅವರಿಗೆ ಹೇಗೆ ಗೊತ್ತಾಯ್ತೋ ಹಾಗೆ" ಅಂದು ಅರ್ಧ ಬಾಚಿದ ತಲೆಯಲ್ಲೇ ಎದ್ದು ಹೋದಳು.

ಮೆತ್ತಗೆ ಕೇಳೋದು ಇಲ್ಲಿಗೆ ಮುಗೀತು. ಇವತ್ತು ಅವಳು ಸ್ನಾನಕ್ಕೆ ಹೋದಾಗ ಫೋನ್ ತಗೊಂಡೆ. ಮಾಡಬಾರದ್ದು, ದೇವರ ಮುಂದೆ ನಿಂತು ತಪ್ಪಾಯ್ತು ಅಂತ ಹೇಳಿಯೇ ತಗೊಂಡೆ. ಆ ಚಂದ್ರವನ್ನ ಒತ್ತಿದರೆ ಅವಳ ಗುಟ್ಟಿನ ಅಂಕಿ, ಇಲ್ಲಾ ಮುಖ ಕೇಳ್ತು. ತೋರಿಸಿದೆ. ತೆಗೀತು. ನನ್ನ ಮುಖಕ್ಕೆ ತೆಗೀದೆ ಇನ್ಯಾರ ಮುಖಕ್ಕೆ ತೆಗೆಯುತ್ತೆ?

ಎಲ್ಲ ಓದೋಕೆ ಹೊತ್ತಿರಲಿಲ್ಲ. ಓದಿದಷ್ಟರಲ್ಲಿ ಒಂದು ಕೆಟ್ಟ ಮಾತೂ ಇರಲಿಲ್ಲ ತಂಗಿ, ಅದೇ ನನಗೆ ಸರಿ ಕಾಣಲಿಲ್ಲ. ಊಟ ಆಯ್ತಾ, ಲೆಕ್ಕದ ಟೀಚರ್ ಬಯ್ದರಾ, ಅಳಬೇಡ ಕಂದ. ಹದಿಮೂರರ ಹುಡುಗಿ ಹನ್ನೆರಡರ ಹುಡುಗಿಯನ್ನ ಕಂದ ಅಂತ ಕರೀತಾಳಾ? ಕೊನೆಯಲ್ಲಿ ಇತ್ತು. ಜುಲೈ ಹತ್ತೊಂಬತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ದೊಡ್ಡ ಬಸ್ ನಿಲ್ದಾಣ, ನಾಲ್ಕನೇ ಟಿಕೆಟ್ ಕಿಟಕಿ. ಹಳದಿ ಚೀಲ ಹಾಕ್ಕೊಂಡು ಬಾ, ಗುರುತು ಸಿಗುತ್ತೆ. ದೊಡ್ಡಮ್ಮನಿಗೆ ಆ ಭಾನುವಾರ ಕೆಲಸ ಇದೆ ತಾನೇ?

ಇದೆ. ಆ ಭಾನುವಾರ ನನಗೆ ಕೆಲಸ ಇದೆ. ಅವನಿಗೆ ಅದೂ ಗೊತ್ತು.

ಅವನು ಅಂತಲೇ ಬರೀತಿದೀನಿ. ನೀರು ನಿಂತ ಸದ್ದು ಕೇಳಿ ಫೋನ್ ಇದ್ದಲ್ಲೇ ಇಟ್ಟೆ. ಬೇಗ ಬರಿ.

ಅಕ್ಕ


ಜುಲೈ ೩, ಶುಕ್ರವಾರ

ತಂಗೀ,

ಎಂಟು ದಿನ ಕಾದೆ. ನಿನ್ನ ಉತ್ತರ ಇಲ್ಲ.

ಟೈಲರಮ್ಮನ ಫೋನಿನಿಂದ ನಿಮ್ಮ ಕಂಪನಿಗೆ ದೂರು ಬರೆದೆ. ಇಬ್ಬರೂ ಸೇರಿ ಮಧ್ಯಾಹ್ನವೆಲ್ಲ ಕೂತೆವು. ಅವಳು ಅಕ್ಷರ ಒತ್ತಿದಳು, ನಾನು ಹೇಳಿದೆ. ಆ ಖಾತೆಯಲ್ಲಿರೋ ಮುಖ ನನ್ನದು, ಆದರೆ ಅದರಲ್ಲಿ ಮಾತಾಡೋದು ಹನ್ನೆರಡು ವರ್ಷದ ಮಗು, ಗಾಳಿಪಟ ಅನ್ನೋ ಹೆಸರಿನವರು ಆ ಮಗುವನ್ನ ಒಬ್ಬಳನ್ನೇ ಕರೀತಿದಾರೆ, ಅವರು ಯಾರು ನೋಡಿ, ಬೇಗ ನೋಡಿ, ಅಂತ. ಇದಕ್ಕಿಂತ ಸರಳವಾಗಿ ಬರೆಯೋಕೆ ನನಗೆ ಬರಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಒಂದಕ್ಷರ ಬಿಡದೆ ಇಳಿಸ್ತೀನಿ.

"ಗೌರವಾನ್ವಿತ ಬಳಕೆದಾರರೇ, ನಿಮ್ಮ ದೂರನ್ನು ಪರಿಶೀಲಿಸಲಾಗಿದೆ. ಈ ಖಾತೆಯನ್ನು ಬಳಸುತ್ತಿರುವವರು ವಯಸ್ಕರೆಂದು ಏಪ್ರಿಲ್ ೨೧ರಂದು ಮುಖ ನೋಡಿ ಖಚಿತಪಡಿಸಲಾಗಿದೆ. ವಯಸ್ಕರು ತಮ್ಮ ಇಷ್ಟದ ಗೆಳೆಯರೊಂದಿಗೆ ಮಾತನಾಡಬಹುದು. ಬೇಡವಾದವರನ್ನು ನೀವೇ ತೆಗೆದುಹಾಕಬಹುದು. ಈ ಉತ್ತರ ನಿಮಗೆ ತೃಪ್ತಿ ತಂದಿತೇ? ಒಂದರಿಂದ ಐದು ನಕ್ಷತ್ರ ನೀಡಿ."

ನೋಡು, ಮಗು ಅಲ್ಲ ಅಂತ ಒಂದು ಸಲ ಮುದ್ರೆ ಒತ್ತಿದ ಮೇಲೆ ಮಗುವೇ ಇಲ್ಲ ಅವರಿಗೆ. ನಾನೇ ಗಾಳಿಪಟದ ಜೊತೆ ಹರಟೆ ಹೊಡೀತಿದೀನಿ, ನಾನೇ ಲೆಕ್ಕದ ಟೀಚರ್ ಹತ್ತಿರ ಬೈಸಿಕೊಳ್ತಿದೀನಿ. ಟೈಲರಮ್ಮ ಕೋಪದಲ್ಲಿ ಒಂದೂ ನಕ್ಷತ್ರ ಕೊಡದೆ ಫೋನ್ ಮುಚ್ಚಿಟ್ಟಳು.

ಅವಳ ಹತ್ತಿರ ಯೂನಿಫಾರ್ಮ್ ಹೊಲಿಸೋ ಒಬ್ಬ ಪೊಲೀಸಮ್ಮ ಇದಾರೆ. ಸೊಂಟ ಬಿಗಿಯಾಯ್ತು ಅಂತ ಬಿಚ್ಚಿಸೋಕೆ ಬಂದಿದ್ದರು. ಎಲ್ಲ ಹೇಳಿದೆ. ನಿಂತೇ ಕೇಳಿದರು, ಕೊನೆಗೆ ಕೂತರು. "ಖಾತೆ ಮುಚ್ಚಬೇಡಿ, ಮುಚ್ಚಿದರೆ ಅವನು ಇನ್ನೊಂದು ಮನೆ ಬಾಗಿಲು ಬಡೀತಾನೆ. ಮಗು ಮೇಲೆ ಕಣ್ಣಿಡಿ. ಹತ್ತೊಂಬತ್ತರ ತನಕ ಅವಳಿಗೆ ಏನೂ ಗೊತ್ತಾಗಬಾರದು" ಅಂದರು. ಆವತ್ತಿನಿಂದ ಮಗುವಿನ ಕಣ್ಣು ನೋಡಿ ಮಾತಾಡೋಕೆ ನನಗೆ ಆಗ್ತಿಲ್ಲ.

ಈಗ ನಿನ್ನನ್ನ ಒಂದು ಮಾತು ಕೇಳ್ತೀನಿ.

ಕಂಪನಿಯ ಉತ್ತರದಲ್ಲಿ "ಮುಖ ನೋಡಿ" ಅಂತಿದೆ. ನೋಡಿದ್ದು ಯಾರು? ಈ ಹಸಿರು ತಲೆಬಟ್ಟೆಯನ್ನ ಲಾಂಡ್ರಿಯಲ್ಲಿ ಕೊಟ್ಟಿದ್ದು ಈ ಫೆಬ್ರವರಿಯಲ್ಲಿ. ಅದಕ್ಕೆ ಮೊದಲು ಬಿಳಿ ಇತ್ತು. ನೀನು ಈ ಮನೆಗೆ ಬಂದು ಎರಡು ವರ್ಷ ಆಯ್ತು. ನಾನು ಯಾರಿಗೂ ಫೋಟೋ ಕಳಿಸಿಲ್ಲ.

ಹಸಿರು ಬಟ್ಟೆಯಲ್ಲಿ ನಾನು ಇಳಿದುಹೋಗಿರೋದು ನಿನಗೆ ಹೇಗೆ ಕಂಡಿತು?

ಅಕ್ಕ


ಜುಲೈ ೯, ಗುರುವಾರ

ಅಕ್ಕಾ,

ನಾನೇ.

ನಾಲ್ಕು ಸಲ ಬರೆದು ಹರಿದೆ. ಇದನ್ನ ಹರಿಯಲ್ಲ.

ಏಪ್ರಿಲ್ ಇಪ್ಪತ್ತೊಂದು, ಮಂಗಳವಾರ. ಒಂದು ಮುಖಕ್ಕೆ ನಮಗೆ ಏಳು ಸೆಕೆಂಡು. ಬಲಗಡೆ ಮುಖ ಬರುತ್ತೆ, ಎಡಗಡೆ ಕಾರಣ ಬರುತ್ತೆ, ಕೆಳಗೆ ಮೂರು ಗುಂಡಿ. "ದೊಡ್ಡವರು", "ಮಗು", "ಮೇಲಕ್ಕೆ ಕಳಿಸಿ". ಪರಿಚಯದ ಮುಖ ಬಂದರೆ ಮೂರನೆಯದನ್ನ ಒತ್ತಿ, ಎದ್ದು ಹೋಗಿ, ಯಾರು ಏನು ಅಂತ ಮೇಲಿನವರಿಗೆ ಬರೆದುಕೊಡಬೇಕು. ನಿಯಮ ಗೊತ್ತಿತ್ತು.

ನಿನ್ನ ಮುಖ ಬಂತು. ಎರಡು ವರ್ಷದ ಮೇಲೆ. ಹಿಂದೆ ಅಡುಗೆ ಕೋಣೆಯ ಪರದೆ, ಅದರ ಹರಿದ ಮೂಲೆ. ನೀನು ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ, ಫೋನ್ ಹಿಡಿದವರ ಕಡೆ ನೋಡಿ ಏನೋ ಬಯ್ದೆ. ಬಾಯಿ ಅಲ್ಲಾಡಿದ್ದು ಕಾಣ್ತು, ದನಿ ಇರಲಿಲ್ಲ. ಐದು ಸೆಕೆಂಡು ಬರೀ ನಿನ್ನನ್ನೇ ನೋಡಿದೆ.

ಎಡಗಡೆ ಬರೆದಿತ್ತು, "ದನಿ ಮಗುವಿನದು ಎಂದು ಇನ್ನೊಬ್ಬ ಬಳಕೆದಾರರಿಂದ ದೂರು". ಯಾವ ಮಗು ಅಂತ ನನಗೆ ಗೊತ್ತಾಗಲಿಲ್ಲ ಅಂತ ನಿನಗೆ ಸುಳ್ಳು ಹೇಳಬಹುದು. ಆ ಮನೆಯಲ್ಲಿ ಇರೋದು ಒಂದೇ ಮಗು.

"ದೊಡ್ಡವರು" ಒತ್ತಿದೆ.

ಯಾಕೆ ಅಂತ ಕೇಳ್ತೀಯ. ಮೇಲಕ್ಕೆ ಕಳಿಸಿದ್ದರೆ ನನ್ನ ಅಕ್ಕ ಅಂತ ಬರೆಯಬೇಕಿತ್ತು, ದನಿ ನನ್ನ ಮಗಳದು ಅಂತಲೂ ಬರೆಯಬೇಕಿತ್ತು. ಮನೆಯಲ್ಲಿ ಚಿಕ್ಕ ಮಕ್ಕಳಿರೋ ಹೆಂಗಸರನ್ನ ಇಲ್ಲಿ ತಗೊಳ್ಳಲ್ಲ, ರಜೆ ಹಾಕ್ತಾರೆ, ಬೇಗ ಬಿಟ್ಟು ಹೋಗ್ತಾರೆ ಅಂತ. ಮಕ್ಕಳನ್ನ ಕಾಯೋ ಕೆಲಸಕ್ಕೆ ತಾಯಂದಿರು ಬೇಡ. ಸೇರೋವಾಗ ಅರ್ಜಿಯಲ್ಲಿ ಮಕ್ಕಳು ಎಷ್ಟು ಅಂತ ಕೇಳಿತ್ತು. ಇಲ್ಲ ಅಂತ ಬರೆದೆ. ನಾಲ್ಕು ವರ್ಷದಿಂದ ಈ ಮಹಡಿಯಲ್ಲಿ ನನಗೆ ಮಗಳಿಲ್ಲ ಅಕ್ಕ.

ಮುಂದಿನ ಮುಖ ಬಂತು. ಅದರ ಮುಂದಿನದೂ ಬಂತು. ಆವತ್ತು ಒಂಬೈನೂರ ಹತ್ತು ಮುಖ ನೋಡಿದೆ.

ಜೂನ್‌ನಲ್ಲಿ ನಿನ್ನ ಮೊದಲ ಕಾಗದ ಬಂದಾಗಲೇ ಎಲ್ಲ ಹೊಳೀತು. ಆದರೂ ನುಸುಳೋಕೆ ಸಾಧ್ಯ ಇಲ್ಲ ಅಂತ ಬರೆದೆ. ಏನು ಮಾಡಬೇಕು ಹೇಳು. ಹೇಳಿದ ಹಾಗೆ ಮಾಡ್ತೀನಿ ಅಂತ ಬರೆಯೋಕೆ ಧೈರ್ಯ ಇಲ್ಲ, ಆದರೂ ಹೇಳು.

ತಂಗಿ


ಜುಲೈ ೧೩, ಸೋಮವಾರ

ನಿನ್ನ ಕಾಗದ ಓದಿದೆ. ಇವತ್ತು ಉಪವಾಸದ ದಿನ ಅಲ್ಲ, ಆದರೂ ಊಟಕ್ಕೆ ಕೂರಲಿಲ್ಲ.

ಬಯ್ಯೋಕೆ ಈಗ ಹೊತ್ತಿಲ್ಲ. ಬಯ್ಯೋ ಬಾಯಿಯೂ ನನಗಿಲ್ಲ, ನೀನು ಏಳು ಸೆಕೆಂಡು ನೋಡಿದೆ, ನಾನು ದಿನಾ ಅವಳ ಪಕ್ಕದಲ್ಲೇ ಇದೀನಿ. ಭಾನುವಾರ ಮುಗೀಲಿ.

ಅವಳು ನಿನ್ನ ವಿಷಯ ಕೇಳ್ತಾಳಾ ಅಂತ ಬರೆದಿದ್ದೆಯಲ್ಲ. ನನ್ನನ್ನ ಕೇಳಲ್ಲ. ಗಾಳಿಪಟದ ಹತ್ತಿರ ಹೇಳ್ಕೋತಾಳೆ. ಅವನು ಅದಕ್ಕೆ ಬರೆದ ಉತ್ತರ ಇದು: "ಅಮ್ಮ ಬಿಟ್ಟುಹೋದವರ ಕಷ್ಟ ನನಗೊಬ್ಬಳಿಗೇ ಅರ್ಥ ಆಗೋದು."

ಅಕ್ಕ


ಜುಲೈ ೨೦, ಸೋಮವಾರ

ತಂಗೀ,

ಮಗು ಸುರಕ್ಷಿತವಾಗಿದೆ. ಅದನ್ನ ಮೊದಲು ಓದಿಕೋ, ಉಸಿರು ಬಿಡು, ಆಮೇಲೆ ಮಿಕ್ಕಿದ್ದು.

ನಿನ್ನೆ ಬೆಳಿಗ್ಗೆ ದೀಪ ಹಚ್ಚಿ, ಹಾಜರಿಗೆ ಮುಖ ತೋರಿಸಿ, ವ್ಯಾನ್ ಹತ್ತಿದೆ. ತಿರುವಿನಲ್ಲಿ ಇಳಿದೆ. ಡ್ರೈವರಿಗೆ ಹೊಟ್ಟೆನೋವು ಅಂದೆ. ಜೊತೆಯವರು "ನಿನಗೂ ಹೊಟ್ಟೆ ಅಂತ ಒಂದು ಇದೆಯಾ?" ಅಂತ ನಕ್ಕರು. ಮೆಣಸು ಹಳದಿ ಚೀಲಕ್ಕಾಗಿ ಮನೆಯೆಲ್ಲ ಹುಡುಕೋ ಹೊತ್ತಿಗೆ ಚೀಲ ನನ್ನ ಹೆಗಲ ಮೇಲಿತ್ತು. ಟೈಲರಮ್ಮ ಮನೆಗೆ ಹೋಗಿ "ಅಳತೆ ಕೊಡೋಕೆ ಬಾರೇ" ಅಂತ ಅವಳನ್ನ ಕರ್ಕೊಂಡು ಹೋಗಿ, ಅಂಗಡಿಯ ಬಾಗಿಲಿಗೆ ಮಣೆ ಹಾಕಿಕೊಂಡು ಕೂತುಬಿಟ್ಟಳು. ಫೋನನ್ನ ಟೈಲರಮ್ಮ ಪೊಲೀಸಮ್ಮನಿಗೆ ದಾಟಿಸಿದಳು. ಮೆಣಸು ಕೂಗಾಡಿದ್ದು ಮೂರು ಅಂಗಡಿ ಆಚೆಗೂ ಕೇಳಿಸಿತಂತೆ.

ನಿಲ್ದಾಣದಲ್ಲಿ ನಾಲ್ಕನೇ ಕಿಟಕಿ ಹತ್ತಿರ ನೆಲ ಒರೆಸ್ತಿದ್ದರು. ಒದ್ದೆ ನೆಲದ ಮೇಲೆ ನಿಂತೆ. ಕಂಪನಿಯವರು ಹೇಳಿದ್ದಾರಲ್ಲ, ಆ ಖಾತೆಯಲ್ಲಿರೋದು ವಯಸ್ಕರು ಅಂತ, ಸರಿ, ಐವತ್ತರ ಹೆಂಗಸೇ ಹೋದಳು ಅಂದುಕೊಂಡೆ. ಪೊಲೀಸಮ್ಮ ಸೀರೆ ಉಟ್ಟು, ಬೆಂಚಿನ ಮೇಲೆ ಕೂತು ಪೇಪರ್ ಓದೋ ಹಾಗೆ ನಟಿಸ್ತಿದ್ದರು. ಪೇಪರ್ ತಲೆಕೆಳಗಾಗಿತ್ತು, ಆ ಹೊತ್ತಲ್ಲೂ ಅದು ನನ್ನ ಕಣ್ಣಿಗೆ ಬಿತ್ತು.

ಹನ್ನೊಂದಕ್ಕೆ ಒಬ್ಬ ಬಂದ. ನಲವತ್ತು ದಾಟಿದವನು, ಕನ್ನಡಕ, ತಿಳಿನೀಲಿ ಅಂಗಿ. ಅಂಗಿ ನೋಡಿದರೆ ಮನೆ ಗೊತ್ತಾಗುತ್ತೆ ನನಗೆ. ಮನೆಯಲ್ಲಿ ಯಾರೋ ಅಕ್ಕರೆಯಿಂದ ಇಸ್ತ್ರಿ ಹಾಕಿದ ಅಂಗಿ, ಕಾಲರ್ ಒಳಗೂ ಮಡಿಕೆ ತೆಗೆದಿದ್ದರು. ನನ್ನ ಹಳದಿ ಚೀಲ ನೋ‌ಡಿದ, ನನ್ನನ್ನ ನೋಡಿದ, ಆಚೆ ಹೋದ. ಮತ್ತೆ ಬಂದ. ಚೀಲವನ್ನೇ ನೋಡಿದ. ಬಾಯಲ್ಲಿ ದೇವರ ಹೆಸರು ಹೇಳ್ತಿದ್ದೆ, ಸಾಲುಗಳು ಹಿಂದುಮುಂದಾಗ್ತಿದ್ದವು.

ಪೊಲೀಸಮ್ಮ, ನಾನು ಮುಖ ತೋರಿಸಿ ತೆರೆದುಕೊಟ್ಟಿದ್ದ ಮೆಣಸಿನ ಫೋನಿನಿಂದ ಒಂದೇ ಪದ ಕಳಿಸಿದರು, "ಬಂದೆ". ಅವನ ಜೇಬು ಟಿಂಗ್ ಅಂತು. ತೆಗೆದು ಓದಿ ಮುಗುಳ್ನಕ್ಕ. ಆ ನಗುವನ್ನ ನಾನು ಸಾಯೋ ತನಕ ಮರೆಯಲ್ಲ. ತಲೆ ಎತ್ತಿ ಸುತ್ತ ಹುಡುಕಿದ. ಅಷ್ಟು ಹೊತ್ತಿಗೆ ನಾನು ಅವನ ಎದುರಿಗೆ ಹೋಗಿ ನಿಂತಿದ್ದೆ.

"ಗಾಳಿಪಟ ನೀವೇನಾ?" ಅಂದೆ.

"ಯಾರಮ್ಮಾ ನೀವು? ಯಾರನ್ನೋ ಅಂದುಕೊಂಡಿದೀರ."

"ಇಲ್ಲ, ಸರಿಯಾಗೇ ಅಂದುಕೊಂಡಿದೀನಿ. ನನ್ನ ಮುಖ ಇರೋ ಖಾತೆಯ ಜೊತೆಗೇ ನೀವು ಇಷ್ಟು ದಿನ ಮಾತಾಡಿದ್ದು. ಊಟ ಆಯ್ತಾ ಕಂದ?"

ಓಡೋಕೆ ನೋಡಿದ. ಒದ್ದೆ ನೆಲ ತಂಗಿ. ನೆಲ ಒರೆಸೋಳ ಬಕೆಟ್ಟಿಗೆ ಕಾಲು ಹಾಕಿ ಬಿದ್ದ. ಪೊಲೀಸಮ್ಮ ಕೈ ಹಿಡಿದು ಎಬ್ಬಿಸಿದರು, ಮತ್ತೆ ಬಿಡಲಿಲ್ಲ. ಜೇಬಿನಿಂದ ಒಂದು ಹೇರ್ ಕ್ಲಿಪ್ಪಿನ ಪೊಟ್ಟಣ ಬಿತ್ತು. ಎರಡು ಬಸ್ ಟಿಕೆಟ್ ಬಿದ್ದವು, ದೂರದ ಊರಿಗೆ. ಒಂದು ಪೂರ್ತಿ, ಒಂದು ಅರ್ಧ.

ಅರ್ಧ ಟಿಕೆಟ್. ಅವಳಿಗೆ ಎಷ್ಟು ವಯಸ್ಸು ಅಂತ ಅವನಿಗೆ ಸರಿಯಾಗಿ ಗೊತ್ತಿತ್ತು. ನಿಮ್ಮ ಕಂಪನಿಗೆ ಮಾತ್ರ ಗೊತ್ತಿರಲಿಲ್ಲ.

ಇಷ್ಟಕ್ಕೇ ಮುಗೀತು ಅಂದುಕೊಂಡಿದ್ದೆ, ಮುಗಿದಿಲ್ಲ. ಠಾಣೆಯಲ್ಲಿ ಅವನು ಹೇಳೋದು ಒಂದೇ. ಆ ಖಾತೆಯವರು ಐವತ್ತು ವರ್ಷದ ಹೆಂಗಸು ಅಂತ ಕಂಪನಿಯೇ ಬರೆದಿದೆ, ನಾನು ತಮಾಷೆಗೆ ಮಾತಾಡಿದೆ, ಅರ್ಧ ಟಿಕೆಟ್ ನನ್ನ ತಮ್ಮನ ಮಗುವಿಗೆ, ಅಂತ. ಕಂಪನಿಯ ಕಾಗದ ಅವನ ಕಡೆ ಮಾತಾಡುತ್ತೆ. ಪೊಲೀಸಮ್ಮ ಹೇಳಿದರು, "ಅದು ಮಗು ಅಂತ ಕಂಪನಿಗೆ ಏಪ್ರಿಲ್‌ನಲ್ಲೇ ಅನುಮಾನ ಬಂದಿತ್ತು, ಗೊತ್ತಿದ್ದೂ ಬಿಟ್ಟರು, ಅಂತ ಒಳಗಿನವರು ಒಬ್ಬರು ಬಂದು ಬರೆದುಕೊಟ್ಟರೆ ಆ ಕಾಗದಕ್ಕೆ ಬೆಲೆ ಇರಲ್ಲ. ಇಲ್ಲದಿದ್ದರೆ ಅವನನ್ನ ತುಂಬಾ ದಿನ ಇಟ್ಟುಕೊಳ್ಳೋಕಾಗಲ್ಲ." ಒಳಗಿನವರು ನಮಗೆ ಯಾರು ಗೊತ್ತು ಅಂತ ಕೇಳಿದರು. ನಾನು ನಿನ್ನ ಹೆಸರು ಹೇಳಲಿಲ್ಲ. ಹೇಳಬೇಕಾದವಳು ನೀನು.

ಏನು ಮಾಡಬೇಕು ಹೇಳು ಅಂದಿದ್ದೆ. ಹೇಳಿದೀನಿ.

ಮೆಣಸು ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದಾಳೆ. ಗಾಳಿಪಟ ಯಾರು ಅಂತ ಪೊಲೀಸಮ್ಮನೇ ಕೂರಿಸಿಕೊಂಡು ಹೇಳಿದರು. ಅಳಲಿಲ್ಲ. "ಹಾಗಾದರೆ ನನ್ನ ಜೊತೆ ಮಾತಾಡ್ತಿದ್ದೋರು ಯಾರೂ ಇಲ್ವಾ?" ಅಂತ ಕೇಳಿದಳು.

ಇನ್ನು ಮೇಲೆ ನನಗೆ ಉತ್ತರ ಬರೀಬೇಡ. ಬರೆದರೆ ಅವಳಿಗೆ ಬರಿ. ಅರ್ಜಿಯಲ್ಲಿ ಏನು ಬರೆದಿದ್ದೆ ಅನ್ನೋದನ್ನೂ ನೀನೇ ಬರಿ. ನನ್ನ ಬಾಯಿಂದ ಆ ಮಾತು ಬರಲ್ಲ.

ಅಕ್ಕ


ಆಗಸ್ಟ್ ೬, ಗುರುವಾರ

ಮೆಣಸೂ,

ನೀನು ನನ್ನ ಜೊತೆ ಮಾತು ಬಿಟ್ಟು ಹದಿನೆಂಟು ದಿನ ಆಯ್ತು, ಅದಕ್ಕೆ ಒಂದೇ ಮನೆಯಲ್ಲಿದ್ದೂ ಕಾಗದ ಬರೆದು ನಿನ್ನ ತಟ್ಟೆಯ ಕೆಳಗೆ ಇಟ್ಟು ಹೋಗ್ತಿದೀನಿ. ಇವತ್ತು ನನ್ನ ಉಪವಾಸ, ತಟ್ಟೆ ನಿನ್ನೊಬ್ಬಳದೇ, ಬೇರೆ ಯಾರ ಕೈಗೂ ಸಿಗಲ್ಲ. ನೀರು ತುಂಬಿಸಿದೀನಿ, ಬಟ್ಟೆ ಇಸ್ತ್ರಿ ಆಗಿದೆ, ಕಾಲರ್ ಸುಟ್ಟಿಲ್ಲ.

ಹಾಜರಿಗೆ ನಿನ್ನನ್ನ ಎಬ್ಬಿಸಿಲ್ಲ. ವ್ಯಾನಿಗೆ ಬರೋ ಒಬ್ಬಳ ಮನೆಗೆ ನಡೆದು ಹೋಗಿ ಅವಳ ಫೋನಿನಲ್ಲಿ ತೋರಿಸ್ತೀನಿ. ಅವಳ ಕೈ ನಡುಗುತ್ತೆ, ನನ್ನ ಅರ್ಧ ತಲೆ ಮಾತ್ರ ಬರುತ್ತೆ.

ನನ್ನಿಂದ ಎರಡು ತಪ್ಪಾಗಿದೆ. ನಿನ್ನನ್ನ ಕೇಳದೆ ನಿನ್ನ ಫೋನ್ ತೆಗೆದು ಓದಿದೆ. ನಿನಗೆ ಹೇಳದೆ ನಿನ್ನ ಚೀಲ ತಗೊಂಡು ಹೋದೆ. ಎರಡನ್ನೂ ಮತ್ತೆ ಮಾಡಬೇಕಾಗಿ ಬಂದರೆ ಮಾಡ್ತೀನಿ, ಸುಳ್ಳು ಹೇಳಲ್ಲ. ಆದರೆ ತಪ್ಪು ತಪ್ಪೇ, ಕ್ಷಮಿಸು. ಮೂರನೆಯದು ದೊಡ್ಡದು. ಬೆಳಿಗ್ಗೆ ಬೆಳಿಗ್ಗೆ ನಿನ್ನ ಎದುರಿಗೆ ಕೂತು ಫೋನಿಗೆ ಮುಖ ತೋರಿಸ್ತಿದ್ದೆ, ಫೋನಿನ ಹಿಂದೆ ಇದ್ದ ನಿನ್ನ ಮುಖ ನೋಡಲಿಲ್ಲ.

ನಿನ್ನೆ ಪೊಲೀಸಮ್ಮ ಲಾಂಡ್ರಿಗೇ ಬಂದಿದ್ದರು. ಸೋಮವಾರ ಠಾಣೆಗೆ ಒಬ್ಬರು ಬಂದು ಹೇಳಿಕೆ ಬರೆದುಕೊಟ್ಟರಂತೆ. ಇನ್ನು ಅವನು ಅಷ್ಟು ಸುಲಭವಾಗಿ ಹೊರಗೆ ಬರಲ್ಲ. ಒಂದು ಮುಖಕ್ಕೆ ಏಳೇ ಸೆಕೆಂಡು ಯಾಕೆ, ಮಗುವಿನ ದನಿ ಅಂತ ದೂರು ಬಂದ ಮೇಲೂ ಬರೀ ಮುಖ ನೋಡಿ ಬಿಟ್ಟಿದ್ದು ಯಾಕೆ ಅಂತ ಆ ಕಂಪನಿಯವರೂ ಉತ್ತರ ಕೊಡಬೇಕಂತೆ. ನಿನಗೆ ನಗು ಬರೋ ಒಂದು ಸುದ್ದಿ ಇದೆ. ವಯಸ್ಸು ಸಾಲದು ಅಂತ ಆ ಚಂದ್ರದವರು ಖಾತೆ ಮುಚ್ಚಿದಾರೆ. ಮುಖ ನನ್ನದಲ್ವಾ, ಐವತ್ತರ ನನ್ನನ್ನ ಚಿಕ್ಕವಳು ಅಂತ ಆಚೆ ಹಾಕಿದ ಹಾಗಾಯ್ತು. ಲಾಂಡ್ರಿಯಲ್ಲಿ ಹೇಳಿದೆ, ಎಲ್ಲರೂ ನನಗೆ ಜಡೆ ಹಾಕೋಕೆ ಬಂದರು.

ಆ ಹೇಳಿಕೆಯ ಮೊದಲ ಎರಡು ಸಾಲನ್ನ ಪೊಲೀಸಮ್ಮ ನನಗೆ ತೋರಿಸಿದರು. ಬೆರಳಿನಿಂದ ಮಿಕ್ಕಿದ್ದನ್ನ ಮುಚ್ಚಿ ತೋರಿಸಿದರು. "ಈ ಖಾತೆಯಲ್ಲಿ ಮಾತನಾಡುತ್ತಿದ್ದವಳು ನನ್ನ ಮಗಳು. ಅವಳಿಗೆ ಹನ್ನೆರಡು ವರ್ಷ."

ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದೆ. ಅವಳಿಗೆ ಅಕ್ಷರ ತಿದ್ದಿಸಿದ್ದು ನಾನೇ.

ನಿಮ್ಮಮ್ಮ ಈ ಊರಿಗೆ ಬಂದು ಸಹಿ ಹಾಕಿ, ಮನೆಗೆ ಬರದೆ ಹೋದಳು. ನಿನ್ನ ಎದುರಿಗೆ ಹೇಗೆ ನಿಲ್ಲಲಿ ಅಂತ ಟೈಲರಮ್ಮನ ಅಂಗಡಿಯಲ್ಲಿ ಒಂದು ಗಂಟೆ ಕೂತು, ಬರೆದು, ಎದ್ದು ಹೋದಳಂತೆ. ಕಂಪನಿಯ ಮಹಡಿಗೆ ಅವಳನ್ನ ಇನ್ನು ಬಿಡಲ್ಲ. ಮುಂದೆ ಏನು ಅಂತ ನನಗೂ ಗೊತ್ತಿಲ್ಲ. ಅವಳ ಮೇಲೆ ನಿನಗೆ ಕೋಪ ಬರುತ್ತೆ, ಬರಲಿ. ನನಗೂ ಇದೆ. ನೀನು ಆವತ್ತು ಪೊಲೀಸಮ್ಮನನ್ನ ಒಂದು ಪ್ರಶ್ನೆ ಕೇಳಿದೆಯಲ್ಲ, ನಿನ್ನ ಜೊತೆ ಮಾತಾಡೋರು ಯಾರೂ ಇಲ್ವಾ ಅಂತ. ಅದನ್ನ ನಾನು ಹಾಗೇ ಅವಳಿಗೆ ಬರೆದಿದ್ದೆ.

ಬಂದ ಉತ್ತರ ಸೋಮವಾರದಿಂದ ಟೈಲರಮ್ಮನ ಗುಂಡಿ ಡಬ್ಬದ ಕೆಳಗಿದೆ. ನನ್ನ ಕಾಗದಕ್ಕೆ ಬಂದ ಉತ್ತರ, ಆದರೆ ಮೇಲೆ ನಿನ್ನ ಹೆಸರಿದೆ, ನಾನು ಇಟ್ಟುಕೊಳ್ಳೋ ಹಾಗಿಲ್ಲ. ನಾಲ್ಕು ದಿನ ನಾನೂ ಆ ಕಡೆ ಹೋಗಿಲ್ಲ, ಕೈ ತಡೆಯಲ್ಲ ಅಂತ.

ಶಾಲೆ ಮುಗಿಸಿಕೊಂಡು ಹೋಗಿ ಅದನ್ನ ತಗೊಂಡು ಬಾ. ಅಲ್ಲೇ ಒಡೀಬೇಡ, ಟೈಲರಮ್ಮ ಎಷ್ಟೇ ಬಾಯಿ ಭದ್ರ ಅಂದರೂ ಕಣ್ಣು ಇಣುಕುತ್ತೆ. ಮನೆಗೆ ತಂದು ಓದು. ಓದಿದ ಮೇಲೆ ನನಗೆ ಹೇಳಬೇಕು ಅಂತೇನಿಲ್ಲ. ಹೇಳಬೇಕು ಅನ್ನಿಸಿದರೆ ನಾನು ಐದೂವರೆಗೆ ಬರ್ತೀನಿ, ಬಾಗಿಲಲ್ಲೇ ಕೂತಿರು.

ನಿನ್ನ ದೊಡ್ಡಮ್ಮ